ಬೆರಳಿಗೂ ನಳಿಗೆಯ ಬಾಯಿಗೂ ನಡುವೆ

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆ ನೆರೆದಾಗಲಾಗಲಿ, ಅಕ್ಟೋಬರ್ ತಿಂಗಳ ಕೊನೆಯಲ್ಲಿ ಕಿತ್ತೂರ ಉತ್ಸವ ನಡೆದಾಗಲಾಗಲಿ, ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಜಾತ್ರೆಯಲ್ಲಾಗಲಿ, ಬೆಂಡು-ಬತ್ತಾಸಿನ ಅಂಗಡಿಗಳ ಸಾಲು ಮುಗಿಯುವಲ್ಲಿ ಹಲಗೆಗೆ ಬಣ್ಣಬಣ್ಣದ ಪುಗ್ಗೆಗಳನ್ನು ಕಟ್ಟಿ, ಗಾಳಿಬಂದೂಕನ್ನು ಮುಂದಿಟ್ಟುಕೊಂಡು ಗಿರಾಕಿಗಳನ್ನು ಕರೆಯುವ ವ್ಯಾಪಾರಿಯನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ಸಂಗ್ರಾಣಿಕಲ್ಲನ್ನು ಲೀಲೆಯಿಂದ ಎತ್ತಬಲ್ಲ ತರುಣನೊಬ್ಬನು ಅಲ್ಲಿಗೆ ಬಂದು, ಗೆಳೆಯರ ಕೇಕೆಯ ನಡುವೆ ಬಂದೂಕನ್ನು ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ಹೊಡೆಯುತ್ತಾನೆ. ಗುಂಡು ಹಲಗೆಗೆ ತಗಲುತ್ತದೆ, ಪುಗ್ಗೆ ಮಾತ್ರ ನಗುತ್ತಲೇ ಉಳಿಯುತ್ತದೆ. ನಾಲ್ಕಾರು ಸಲ ಹೀಗಾದ ಮೇಲೆ ಬಂದೂಕೇ ಸೊಟ್ಟವೆಂಬ ತೀರ್ಪು ಹೊರಡುತ್ತದೆ. ಆಗ ವ್ಯಾಪಾರಿಯು ಅದೇ ಬಂದೂಕನ್ನು ಇಸಿದುಕೊಂಡು, ಮಾತಾಡುತ್ತಲೇ, ಸಡಿಲವಾದ ಕೈಯಿಂದ, ತಾನು ಹೆಸರಿಸಿದ ಪುಗ್ಗೆಯನ್ನೇ ಒಡೆದುಬಿಡುತ್ತಾನೆ.

ಬಂದೂಕು ಸೊಟ್ಟವಾಗಿದ್ದರೆ ಅವನಿಗೆ ಹೇಗೆ ತಾಗಿತು? ಸೊಟ್ಟವಾಗಿಲ್ಲದಿದ್ದರೆ ಇವನಿಗೇಕೆ ತಪ್ಪಿತು? ನೆರೆದವರಲ್ಲಿ ಯಾರಾದರೊಬ್ಬರು “ಅಂವಗ ಅದರ ಸೊಟ್ಟ ಗೊತ್ತೈತಿ ಬಿಡ್ರಿ” ಎಂದು ಹೇಳಿ ನಡೆದುಬಿಡುವುದುಂಟು. ಈ ಉತ್ತರವು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿದವನು ಅಗ್ಗದ ಗಾಳಿಪಿಸ್ತೂಲನ್ನು ಕೊಳ್ಳುವಾಗಲೂ, ಕೊಂಡದ್ದನ್ನು ತಿದ್ದಿಕೊಳ್ಳುವಾಗಲೂ ಹಣವನ್ನು ನೀರಿಗೆ ಚೆಲ್ಲುವುದಿಲ್ಲವಾದುದರಿಂದ, ಈ ಅಧ್ಯಾಯವನ್ನು ಆ ಅರ್ಧಕ್ಕೆ ಮೀಸಲಿಟ್ಟಿದೆ.

ಸ್ಥಿರದೋಷ, ಚರದೋಷ

ಒಂದು ಪಿಸ್ತೂಲು ಪ್ರತಿಸಲವೂ ಗುರಿಯಿಂದ ನಾಲ್ಕು ಬೆರಳು ಎಡಕ್ಕೇ ಹೊಡೆಯುವುದೆಂದು ಭಾವಿಸೋಣ. ಇದು ಸ್ಥಿರದೋಷ. ಇದನ್ನು ಬಲ್ಲವನು ನಾಲ್ಕು ಬೆರಳು ಬಲಕ್ಕೆ ಗುರಿಯಿಟ್ಟರಾಯಿತು. ಇಲ್ಲವೆ ಗುರಿ ನೋಡುವ ಕಿಂಡಿಯನ್ನು ತುಸು ಸರಿಸಿದರಾಯಿತು. ಜಾತ್ರೆಯ ವ್ಯಾಪಾರಿಗೆ ಗೊತ್ತಿರುವ ‘ಸೊಟ್ಟ’ವೆಂಬುದು ಇದೇ. ಮತ್ತೊಂದು ಪಿಸ್ತೂಲು ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ, ಮಗುದೊಮ್ಮೆ ನಡುವಿಗೇ ಹೊಡೆಯುವುದಾದರೆ ಅದು ಚರದೋಷ. ಇದಕ್ಕೆ ಕಿಂಡಿಯನ್ನು ಎತ್ತ ಸರಿಸಿದರೂ ಪರಿಹಾರವಿಲ್ಲ. ಆದ್ದರಿಂದ ಪಿಸ್ತೂಲಿನ ಯೋಗ್ಯತೆಯನ್ನು ಅದು ನಡುವಿಗೆ ಹೊಡೆಯಿತೇ ಇಲ್ಲವೇ ಎಂಬುದರಿಂದ ಅಳೆಯದೆ, ಹೊಡೆದ ಐದಾರು ತೂತುಗಳು ಎಷ್ಟು ಒತ್ತಾಗಿ ಕೂಡಿಕೊಂಡಿವೆ ಎಂಬುದರಿಂದಲೇ ಅಳೆಯಬೇಕು. ಚರದೋಷವು ಎಲ್ಲಿ ಹುಟ್ಟುತ್ತದೆ, ಯಂತ್ರದಲ್ಲಿಯೋ ಕೈಯಲ್ಲಿಯೋ ಎಂಬುದೇ ಮುಖ್ಯ ಪ್ರಶ್ನೆ. ಅದು ಇವೆರಡೂ ಒಂದನ್ನೊಂದು ಮುಟ್ಟುವ ಅತ್ಯಲ್ಪ ಕಾಲದಲ್ಲಿ ಹುಟ್ಟುತ್ತದೆ ಎಂಬುದೇ ಅದರ ಉತ್ತರ.

ಸೆಕೆಂಡಿನ ನೂರನೆಯ ಭಾಗ

1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆಯು ಬಿದ್ದುದು ಅಮಟೂರ ಬಾಳಪ್ಪನ ಗುಂಡಿನಿಂದ ಎಂದು ನಾಡು ನೆನೆಯುತ್ತದೆ. ಆ ಕಾಲದ ಚಕಮಕಿಯ ಬಂದೂಕುಗಳಲ್ಲಿ ಬೆರಳು ಟ್ರಿಗರನ್ನು ಎಳೆದೊಡನೆ ಗುಂಡು ಹೊರಡುತ್ತಿರಲಿಲ್ಲ. ಕಲ್ಲು ಉಕ್ಕಿಗೆ ಬಡಿದು, ಕಿಡಿ ಹಾರಿ, ಬಟ್ಟಲಿನ ಮದ್ದು ಹತ್ತಿ, ಆ ಬೆಂಕಿಯು ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ಸೇರಿದ ಮೇಲೆಯೇ ಗುಂಡಿಗೆ ಚಲನೆ. ಮನುಷ್ಯನ ಇಂದ್ರಿಯಕ್ಕೆ ಗೋಚರವಾಗುವಷ್ಟಿದ್ದ ಆ ವಿಳಂಬದ ಉದ್ದಕ್ಕೂ ಕೈ ಅಲುಗದಂತೆ ಹಿಡಿಯಬಲ್ಲವನೇ ಗುರಿಕಾರನೆನಿಸುತ್ತಿದ್ದನು. ಗಾಳಿಪಿಸ್ತೂಲಿನಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ಆದರೆ ವಿಳಂಬವೆಂಬುದು ಮಾತ್ರ ಕಿರಿದಾದ ರೂಪದಲ್ಲಿ ಇದರಲ್ಲಿಯೂ ಉಳಿದುಕೊಂಡಿದೆ.

ಅಗ್ಗದ ಗಾಳಿಪಿಸ್ತೂಲುಗಳಲ್ಲಿ ಬಹುಪಾಲು ಸ್ಪ್ರಿಂಗಿನವು. ನಳಿಗೆಯನ್ನು ಮಡಿಸಿದಾಗ ಒಳಗಿನ ಬಲವಾದ ಸ್ಪ್ರಿಂಗು ಅದುಮಿ, ಅದರ ಮುಂದಿನ ಪಿಸ್ಟನ್ನು ಹಿಂದಕ್ಕೆ ಸರಿದು ಕೊಂಡಿಗೆ ಸಿಕ್ಕಿ ನಿಲ್ಲುತ್ತದೆ. ಈ ಸ್ಥಿತಿಯಲ್ಲಿ ಒಳಗೆ ಒತ್ತಡಕ್ಕೊಳಗಾದ ಗಾಳಿಯೇ ಇರುವುದಿಲ್ಲವೆಂಬುದನ್ನು ಗಮನಿಸಬೇಕು. ಟ್ರಿಗರನ್ನು ಎಳೆದಾಗ ಕೊಂಡಿ ಬಿಡುತ್ತದೆ, ಪಿಸ್ಟನ್ನು ಮುಂದಕ್ಕೆ ಧಾವಿಸುತ್ತದೆ, ಅದರ ಮುಂದಿನ ಸಾಧಾರಣ ಗಾಳಿಯು ಕ್ಷಣಾರ್ಧದಲ್ಲಿ ಅದುಮಲ್ಪಟ್ಟು ಕಾಯ್ದು, ಗುಂಡನ್ನು ನಳಿಗೆಯೊಳಗೆ ನೂಕುತ್ತದೆ. ಬೆರಳು ಎಳೆದ ಗಳಿಗೆಯಿಂದ ಗುಂಡು ನಳಿಗೆಯ ಬಾಯನ್ನು ಬಿಡುವವರೆಗೆ ಹಿಡಿಯುವ ಕಾಲವು ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸಿನದು.

ಇಷ್ಟು ಅಲ್ಪಕಾಲದಲ್ಲಿ ಆಗುವುದಾದರೂ ಏನು ಎನ್ನಬಹುದು. ಪಿಸ್ಟನ್ನು ಮುಂದಕ್ಕೆ ಹಾರಿದಾಗ ಪಿಸ್ತೂಲು ಹಿಂದಕ್ಕೆ ಸರಿಯಲೇಬೇಕು. ಇದು ನ್ಯೂಟನ್ನನು ಹೇಳಿದ ಸಾಮಾನ್ಯ ನಿಯಮ. ಪಿಸ್ಟನ್ನಿನ ತೂಕವು ಉಳಿದ ಪಿಸ್ತೂಲಿನ ಏಳನೆಯ ಒಂದು ಭಾಗವೆಂದೂ, ಅದು ಒಳಗೆ 4 ಸೆಂಟಿಮೀಟರು ಓಡುವುದೆಂದೂ ಹಿಡಿದರೆ, ಯಾವ ಆಸರೆಯೂ ಇಲ್ಲದ ಪಿಸ್ತೂಲು ಅರ್ಧ ಸೆಂಟಿಮೀಟರು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ನು ತುದಿಗೆ ಬಂದು ಅದುಮಿದ ಗಾಳಿಗೆ ಬಡಿದೊಡನೆ ಪಿಸ್ತೂಲು ಮುಂದಕ್ಕೆ ಜಗ್ಗುತ್ತದೆ. ಹೀಗೆ ಹಿಂದೆ-ಮುಂದೆ ಎರಡು ಕುಲುಕುಗಳು ಉಂಟಾಗುವ ಹೊತ್ತಿಗೆ ಗುಂಡು ಇನ್ನೂ ನಳಿಗೆಯೊಳಗೇ ಇರುತ್ತದೆ! ಮೇಲಾಗಿ ನಮ್ಮ ಕೈ ಹಿಡಿದಿರುವುದು ನಳಿಗೆಯ ಸರಳರೇಖೆಯಲ್ಲಲ್ಲ, ಅದರ ಕೆಳಗಿನ ಹಿಡಿಯನ್ನು. ಅಂತೆಯೇ ಆ ಕುಲುಕು ನೆಟ್ಟಗೆ ಹಿಂದಕ್ಕೆ ಹೋಗದೆ ನಳಿಗೆಯ ಮೂತಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿಸೀತು ಎಂಬುದು ಕೈಯ ಬಿಗಿತವನ್ನು ಅವಲಂಬಿಸಿದೆ. ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲಾಗಿ ಹಿಡಿದರೆ ಮೂತಿಯ ತಿರುವು ಒಂದೊಂದು ಸಲಕ್ಕೆ ಒಂದೊಂದು ರೀತಿ.

ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿಗಳಿಗೆ ಕವಣೆ ಬೀಸುವವನನ್ನು ಇಲ್ಲಿ ನೆನೆಯಬಹುದು. ಅವನ ಕಲ್ಲು ಯಾವ ದಿಕ್ಕಿಗೆ ಹೋದೀತೆಂಬುದನ್ನು ನಿರ್ಧರಿಸುವುದು ಅವನು ಬೀಸತೊಡಗಿದಾಗ ಎತ್ತ ನೋಡುತ್ತಿದ್ದನೆಂಬುದಲ್ಲ, ಹಗ್ಗದ ತುದಿಯನ್ನು ಬಿಟ್ಟ ನಿಮಿಷದಲ್ಲಿ ಕವಣೆ ಎತ್ತ ತಿರುಗಿತ್ತೆಂಬುದು. ಪಿಸ್ತೂಲಿನಲ್ಲಿಯೂ ಅಷ್ಟೆ: ನಾವು ಗುರಿಯಿಡುವುದು ಟ್ರಿಗರ್ ಎಳೆಯುವ ಮುಂಚೆ, ಗುಂಡು ದಿಕ್ಕನ್ನು ಪಡೆಯುವುದು ನಳಿಗೆಯ ಬಾಯನ್ನು ಬಿಡುವಾಗ. ಇವೆರಡರ ನಡುವಣ ನೂರನೆಯ ಭಾಗದಲ್ಲಿ ನಡೆಯುವ ಚಲನೆಯು ಪ್ರತಿಸಲವೂ ಒಂದೇ ಆಗಿದ್ದರೆ ಅದು ಸ್ಥಿರದೋಷವಾಗಿ, ಕಿಂಡಿಯನ್ನು ಸರಿಸಿದರೆ ತೀರಿಹೋಗುತ್ತದೆ. ಬೇರೆಬೇರೆಯಾದರೆ ಚರದೋಷವಾಗಿ ಕಾಡುತ್ತದೆ. ಜಟ್ಟಿಯ ಮುಷ್ಟಿ ಸೋತು ವ್ಯಾಪಾರಿಯ ಸಡಿಲವಾದ, ಆದರೆ ಸದಾ ಒಂದೇ ರೀತಿಯ ಹಿಡಿತ ಗೆದ್ದುದರ ಮರ್ಮವಿದು. ಪೂರ್ಣಬಲದಿಂದ ಹಿಡಿದ ಮುಷ್ಟಿಯನ್ನು ಅದೇ ಬಲದಿಂದ ಎರಡನೆಯ ಸಲ ಹಿಡಿಯುವುದು ಯಾವ ಜಟ್ಟಿಗೂ ಶಕ್ಯವಲ್ಲ.

ಜರ್ಮನಿಯ ಫೈನ್‌ವೆರ್ಕ್‌ಬೌ ಎಂಬ ಕಾರಖಾನೆಯವರು 1965ರಲ್ಲಿ ಹೊರತಂದ ಸ್ಪರ್ಧೆಯ ಪಿಸ್ತೂಲಿನಲ್ಲಿ ನಳಿಗೆಯೂ ಯಂತ್ರಭಾಗವೂ ಕೂಡಿ ಹಿಡಿಯ ಮೇಲೆ ಜಾರುವಂತೆ ಹಳಿಗಳನ್ನು ಅಳವಡಿಸಿದರು. ಕುಲುಕು ಉಂಟಾಗುತ್ತದೆ, ಆದರೆ ಕೈಗೆ ಮುಟ್ಟುವುದಿಲ್ಲ; ಕೈಗೆ ಮುಟ್ಟದ್ದನ್ನು ಕೈ ಕೆಡಿಸಲೂ ಆರದು. ಆ ಪಿಸ್ತೂಲು ದಶಕಗಳ ಕಾಲ ಸ್ಪರ್ಧೆಗಳಲ್ಲಿ ಮೆರೆಯಿತು.

ವೇಗದ ವ್ಯಾಮೋಹ

ಅಗ್ಗದ ಪಿಸ್ತೂಲನ್ನು ಕೊಂಡವನಿಗೆ ಮೊದಲು ಹೊಳೆಯುವ ಸುಧಾರಣೆಯೆಂದರೆ ಇನ್ನೂ ಗಟ್ಟಿಯಾದ ಸ್ಪ್ರಿಂಗನ್ನು ಹಾಕಿಸುವುದು. ಇದು ಸುಧಾರಣೆಯಲ್ಲವೆಂದು ಲೆಕ್ಕವೇ ಹೇಳುತ್ತದೆ. ಸೆಕೆಂಡಿಗೆ 120 ಮೀಟರು ವೇಗದ ಗುಂಡು 10 ಮೀಟರು ದೂರವನ್ನು ಕ್ರಮಿಸುವಷ್ಟರಲ್ಲಿ ಭೂಮಿಯ ಸೆಳೆತದಿಂದ ಸುಮಾರು 34 ಮಿಲಿಮೀಟರು ಕೆಳಗಿಳಿಯುತ್ತದೆ. ವೇಗವು 115ಕ್ಕೆ ಇಳಿದರೆ ಸುಮಾರು 37 ಮಿಲಿಮೀಟರು. ಎಂದರೆ ಒಂದು ಗುಂಡಿಗೂ ಇನ್ನೊಂದಕ್ಕೂ ವೇಗದಲ್ಲಿ ಐದು ಮೀಟರಿನ ವ್ಯತ್ಯಾಸವಾದರೂ ಕಾಗದದ ಮೇಲೆ ಅದರ ಫಲ 3 ಮಿಲಿಮೀಟರು ಮಾತ್ರ.

ಇದಕ್ಕೆ ಎದುರಾಗಿ ಕಣ್ಣು-ಕೈಗಳ ಲೆಕ್ಕವನ್ನು ನೋಡಿರಿ. ಪಿಸ್ತೂಲಿನ ಹಿಂಭಾಗದಲ್ಲಿ ಒಂದು ಕಿಂಡಿ, ಮೂತಿಯ ಮೇಲೆ ಒಂದು ಮೊಳೆ. ಇವನ್ನು ಹಿಂಗುರಿ, ಮುಂಗುರಿ ಎಂದು ಕರೆಯೋಣ. ಇವೆರಡರ ನಡುವಿನ ಅಂತರ 25 ಸೆಂಟಿಮೀಟರು ಎಂದುಕೊಂಡರೆ ಗುರಿಯ ದೂರವು ಅದರ ನಲವತ್ತು ಪಟ್ಟು. ಮುಂಗುರಿಯು ಹಿಂಗುರಿಯ ನಡುವಿನಿಂದ ಒಂದೇ ಒಂದು ಮಿಲಿಮೀಟರು ಸರಿದರೆ ಗುಂಡು 40 ಮಿಲಿಮೀಟರು ಸರಿಯುತ್ತದೆ. ಒಲಿಂಪಿಕ್ಸಿನಲ್ಲಿ 1988ರಿಂದ ನಡೆಯುತ್ತಿರುವ 10 ಮೀಟರಿನ ಗಾಳಿಪಿಸ್ತೂಲಿನ ಸ್ಪರ್ಧೆಯಲ್ಲಿ ಹತ್ತು ಅಂಕದ ವರ್ತುಲದ ವ್ಯಾಸ 11.5 ಮಿಲಿಮೀಟರು. ಅದರ ನಡುವಿನಿಂದ ಅಂಚಿಗೆ ಹೋಗಲು ಮುಂಗುರಿಯು ಮಿಲಿಮೀಟರಿನ ಏಳನೆಯ ಒಂದು ಭಾಗ ಸರಿದರೆ ಸಾಕು. ಆದರೆ ಮುಂಗುರಿ-ಹಿಂಗುರಿಗಳ ಹೊಂದಿಕೆ ಕೆಡದೆ ಇಡೀ ಕೈಯೇ 3 ಮಿಲಿಮೀಟರು ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ 3 ಮಿಲಿಮೀಟರು ಸರಿಯುತ್ತದೆ, ಹೆಚ್ಚಿಲ್ಲ. ಗುರಿಕಾರರು ಕಾಗದದ ಕಪ್ಪು ವರ್ತುಲವನ್ನು ಮಸುಕಾಗಲು ಬಿಟ್ಟು ಮುಂಗುರಿಯನ್ನು ಮಾತ್ರ ಸ್ಫುಟವಾಗಿ ನೋಡಬೇಕೆಂದು ಹೇಳುವುದಕ್ಕೆ ಇದೇ ಕಾರಣ. ಕಣ್ಣು ಏಕಕಾಲದಲ್ಲಿ ಎರಡು ದೂರಗಳನ್ನು ಸ್ಫುಟವಾಗಿ ಕಾಣಲಾರದು, ಒಂದನ್ನು ಬಿಡಲೇಬೇಕಾದರೆ ನಲವತ್ತು ಪಟ್ಟಿನ ದಂಡವಿಲ್ಲದ್ದನ್ನು ಬಿಡುವುದು ಲೇಸು.

ಗಟ್ಟಿ ಸ್ಪ್ರಿಂಗು ಉಳಿಸುವುದು ಮೂರು ಮಿಲಿಮೀಟರನ್ನು. ಕುಲುಕನ್ನು ಹೆಚ್ಚಿಸಿ ಕಳೆಯುವುದು ಅದಕ್ಕಿಂತ ಹೆಚ್ಚನ್ನು. ವ್ಯಾಪಾರ ನಷ್ಟದ್ದು.

ಕೊಳ್ಳುವಾಗ

ಕಡಿಮೆ ಬೆಲೆಯ ಪಿಸ್ತೂಲುಗಳು ಗಾಳಿಯನ್ನು ಮೂರು ರೀತಿಯಲ್ಲಿ ಒದಗಿಸಿಕೊಳ್ಳುತ್ತವೆ. ಸ್ಪ್ರಿಂಗಿನದನ್ನು ಈಗಾಗಲೇ ಕಂಡೆವು. ಅದು ಗಟ್ಟಿಮುಟ್ಟು, ಧೂಳಿಗೂ ಅಜಾಗರೂಕತೆಗೂ ಅಂಜದು, ಆದರೆ ಹಿಡಿತದ ವಿಷಯದಲ್ಲಿ ಮುಂಗೋಪಿ. ಎರಡನೆಯದು ಸಣ್ಣ ಉಕ್ಕಿನ ಕುಪ್ಪಿಯಲ್ಲಿ ದ್ರವವಾಗಿ ತುಂಬಿದ ಕಾರ್ಬನ್ ಡೈಆಕ್ಸೈಡಿನದು. ಇದರಲ್ಲಿ ಕುಲುಕು ಕಡಿಮೆ; ಆದರೆ ಆ ಅನಿಲದ ಒತ್ತಡವು ಹವೆಯ ಉಷ್ಣತೆಗೆ ದಾಸ. 0 ಡಿಗ್ರಿಯಲ್ಲಿ ಸುಮಾರು 35 ವಾಯುಭಾರದಷ್ಟಿದ್ದ ಒತ್ತಡವು 20 ಡಿಗ್ರಿಯಲ್ಲಿ 57ಕ್ಕೆ ಏರುತ್ತದೆ. 31 ಡಿಗ್ರಿಯನ್ನು ದಾಟಿದ ಮೇಲೆ ಅದು ದ್ರವವಾಗಿ ಇರುವುದೇ ಅಸಾಧ್ಯ. ಸಹ್ಯಾದ್ರಿಯ ಸೆರಗಿನ ಕಿತ್ತೂರಿನ ಡಿಸೆಂಬರ್ ಮುಂಜಾವಿನಲ್ಲಿ ಹೊಂದಿಸಿದ ಹಿಂಗುರಿಯು ರಾಮದುರ್ಗದ ಏಪ್ರಿಲ್ ಮಧ್ಯಾಹ್ನದಲ್ಲಿ ಹೊಂದಲಾರದು. ಬೇಗಬೇಗನೆ ಹೊಡೆಯುತ್ತ ಹೋದರೆ ಅನಿಲವು ತಾನೇ ತಣ್ಣಗಾಗಿ ವೇಗ ಕುಗ್ಗುವುದೂ ಉಂಟು. ಕುಪ್ಪಿಗಳನ್ನು ಮತ್ತೆ ಮತ್ತೆ ಕೊಳ್ಳಬೇಕಾಗುವುದು ಇನ್ನೊಂದು ಪೀಡೆ.

ಮೂರನೆಯದು ಒಂದೇ ಒತ್ತಿನದು. ಮೇಲ್ಭಾಗವನ್ನೋ ಪಕ್ಕದ ಸನ್ನೆಯನ್ನೋ ಒಮ್ಮೆ ತೆರೆದು ಮುಚ್ಚಿದರೆ ಗಾಳಿಯು ಮುಂಗಡವಾಗಿಯೇ ಅದುಮಿ ಕೋಣೆಯೊಂದರಲ್ಲಿ ನಿಲ್ಲುತ್ತದೆ. ಟ್ರಿಗರನ್ನು ಎಳೆದಾಗ ಹಗುರವಾದ ಬಡಿಗೋಲೊಂದು ಕವಾಟವನ್ನು ತೆರೆಯುತ್ತದೆ, ಅಷ್ಟೆ. ಧಾವಿಸುವ ಭಾರದ ಪಿಸ್ಟನ್ನಿಲ್ಲ, ಆದ್ದರಿಂದ ಕುಲುಕೂ ಇಲ್ಲವೆನ್ನುವಷ್ಟು. ಪ್ರತಿಸಲವೂ ಒಂದೇ ಕೋಣೆ, ಒಂದೇ ಒತ್ತು, ಆದ್ದರಿಂದ ವೇಗವೂ ಒಂದೇ. ರಷ್ಯದ ಇಝೆವ್ಸ್ಕ್ ಊರಿನಲ್ಲಿ ತಯಾರಾದ ಐಝಡ್‌ಎಚ್-46 ಎಂಬುದು ಈ ಜಾತಿಯದು. ನೋಟಕ್ಕೆ ಒರಟಾದ ಆ ಪಿಸ್ತೂಲಿನಿಂದ ಕಲಿತ ಸ್ಪರ್ಧಾಳುಗಳು ಎಷ್ಟೋ ಜನ. ವಾಷರು ಹಳತಾದರೆ ಗಾಳಿ ಸೋರುವುದೊಂದೇ ಇದರ ಹಳೆಯ ಕಾಯಿಲೆ. ನನ್ನನ್ನು ಕೇಳಿದರೆ, ಸಿಕ್ಕುವುದಾದರೆ ಮೂರನೆಯದನ್ನೇ ಕೊಳ್ಳಬೇಕು. ಸಿಕ್ಕದಿದ್ದರೆ ಸ್ಪ್ರಿಂಗಿನದನ್ನು ಕೊಂಡು ಕೈಯನ್ನು ಹದಗೊಳಿಸಿಕೊಳ್ಳಬೇಕು. ಅಂಗಡಿಯಲ್ಲಿ ವೇಗವನ್ನು ವಿಚಾರಿಸುವ ಬದಲು ಟ್ರಿಗರನ್ನು ಎಳೆದು ನೋಡುವುದು ಹೆಚ್ಚು ಬುದ್ಧಿವಂತಿಕೆ.

ಕಾಯಿದೆಯ ಮಾತನ್ನೂ ಇಲ್ಲಿಯೇ ಮುಗಿಸಿಬಿಡುವೆನು. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ವ್ಯಾಸವು 4.5 ಮಿಲಿಮೀಟರನ್ನಾಗಲಿ ಗುಂಡಿನ ಶಕ್ತಿಯು 20 ಜೂಲನ್ನಾಗಲಿ ಮೀರಿದ ಗಾಳಿಬಂದೂಕುಗಳಿಗೆ ಪರವಾನಗಿ ಬೇಕು. ಅರ್ಧ ಗ್ರಾಮಿನ ಗುಂಡು 120 ಮೀಟರು ವೇಗದಲ್ಲಿ ಹೊರಟರೆ ಅದರ ಶಕ್ತಿ 4 ಜೂಲನ್ನೂ ಮುಟ್ಟುವುದಿಲ್ಲ. ಆದರೂ ಕಣ್ಣನ್ನು ಕಳೆಯಲು ಅಷ್ಟೇ ಧಾರಾಳ ಸಾಕು. ಹಕ್ಕಿಯ ಮೇಲೆ ಹೊಡೆಯುವುದಂತೂ ನೀಚತನವಲ್ಲದೆ ವನ್ಯಜೀವಿ ಕಾಯಿದೆಯ ದೃಷ್ಟಿಯಿಂದ ಅಪರಾಧ.

ತಿದ್ದುವಾಗ

ಎಲ್ಲ ತಿದ್ದುಪಡಿಗಳೂ ಆ ನೂರನೆಯ ಭಾಗಕ್ಕೆ ಸೇವೆ ಸಲ್ಲಿಸತಕ್ಕವು. ಮೊದಲನೆಯದು ಟ್ರಿಗರ್. ಅಗ್ಗದ ಪಿಸ್ತೂಲಿನಲ್ಲಿ ಅದನ್ನು ಎಳೆಯಲು ಎರಡು-ಎರಡೂವರೆ ಕಿಲೋ ಭಾರವನ್ನೆತ್ತುವಷ್ಟು ಬಲ ಬೇಕಾಗುವುದು ಅಪೂರ್ವವಲ್ಲ; ಇಡೀ ಪಿಸ್ತೂಲಿನ ತೂಕವೋ ಒಂದು ಕಿಲೋ. ಒಂದು ಕಿಲೋ ತೂಕದ ವಸ್ತುವನ್ನು ಚಾಚಿದ ಒಂಟಿ ಕೈಯಲ್ಲಿ ತೂಗಿ ಹಿಡಿದು, ಅದರ ಒಂದು ಮೂಲೆಯನ್ನು ಎರಡೂವರೆ ಕಿಲೋ ಬಲದಿಂದ ಎಳೆದೂ ಅದು ಅಲುಗಬಾರದೆಂದು ಬಯಸುವುದು ಎಂಥ ದುರಾಸೆ! ಸ್ಪರ್ಧೆಯ ನಿಯಮದಲ್ಲಿ ಟ್ರಿಗರಿನ ಭಾರ 500 ಗ್ರಾಮಿಗೆ ಕಡಿಮೆಯಾಗಬಾರದು, ಪಿಸ್ತೂಲಿನ ತೂಕ 1500 ಗ್ರಾಮನ್ನು ಮೀರಬಾರದು. ಅಲ್ಲಿ ಬೆರಳಿನ ಬಲ ಪಿಸ್ತೂಲಿನ ತೂಕದ ಮೂರನೆಯ ಒಂದಂಶಕ್ಕೆ ಇಳಿಯಬಹುದು, ಇಲ್ಲಿ ಅದರ ಎರಡೂವರೆ ಪಟ್ಟಿಗೆ ಏರಿದೆ. ಆದ್ದರಿಂದ ಎರಡು ಕಡೆಯಿಂದಲೂ ಈ ಅಂತರವನ್ನು ಕಿರಿದುಗೊಳಿಸಬೇಕು. ಕೊಂಡಿಯ ಉಜ್ಜುವ ಮುಖಗಳಿಂದ ಹಳೆಯ ಜಿಡ್ಡನ್ನು ತೆಗೆದು ಮಾಲಿಬ್ಡಿನಮ್ ಬೆರೆತ ಗ್ರೀಸನ್ನು ಕಡ್ಡಿಯ ತುದಿಯಷ್ಟು ಹಚ್ಚಿದರೇ ಎಳೆತವು ನುಣುಪಾಗುತ್ತದೆ; ಹೊಂದಿಸುವ ತಿರುಪಿದ್ದರೆ ಅದನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಬಹುದು. ಕೊಂಡಿ ಬಿಟ್ಟ ಮೇಲೆಯೂ ಟ್ರಿಗರು ಹಿಂದಕ್ಕೆ ಹೋಗುತ್ತಲೇ ಇದ್ದರೆ, ಗುಂಡು ಇನ್ನೂ ನಳಿಗೆಯಲ್ಲಿರುವಾಗಲೇ ಬೆರಳು ಮುಗ್ಗರಿಸಿ ಮೂತಿಯನ್ನು ಜಗ್ಗುತ್ತದಾದುದರಿಂದ, ಟ್ರಿಗರಿನ ಹಿಂದೆ ರಬ್ಬರಿನ ಚೂರೊಂದನ್ನು ಅಂಟಿಸಿ ಆ ಓಟವನ್ನು ತಡೆಯುವುದು ಬಹು ಅಗ್ಗದ, ಬಹು ಫಲದಾಯಕವಾದ ಉಪಾಯ. ಆದರೆ ಕೊಂಡಿಯು ಪೂರ್ತಿ ಬಿಡುವುದಕ್ಕೆ ಅದು ಅಡ್ಡಬರಕೂಡದು. ಅರ ಹಿಡಿದು ಕೊಂಡಿಯನ್ನೇ ಉಜ್ಜಲು ಹೋಗಬಾರದು. ಅದರ ಮೇಲಿನ ಗಟ್ಟಿಯಾದ ಪದರು ತೆಳುವಾಗಿದ್ದು, ಅದು ಹೋದ ಮೇಲೆ ಪಿಸ್ತೂಲು ಮೇಜಿಗೆ ತಗಲಿದರೂ ಹಾರೀತು.

ತೂಕವನ್ನು ಹೆಚ್ಚಿಸಲು ನಳಿಗೆಯ ಕೆಳಗೆ, ಮೂತಿಯ ಸಮೀಪದಲ್ಲಿ, ಸೀಸದ ತುಂಡನ್ನು ಕಟ್ಟುವ ರೂಢಿಯಿದೆ. ಮೂತಿ ಭಾರವಾದಷ್ಟೂ ಅದನ್ನು ತಿರುಗಿಸುವುದು ಕುಲುಕಿಗೂ ಕಷ್ಟ, ಬೆರಳಿಗೂ ಕಷ್ಟ. ಆದರೆ ತೋಳು ನಡುಗುವಷ್ಟು ಕಟ್ಟಿಕೊಳ್ಳಲಾಗದು.

ಎರಡನೆಯದು ಹಿಡಿ. ಕಾರಖಾನೆಯ ಪ್ಲಾಸ್ಟಿಕ್ ಹಿಡಿಯು ಎಲ್ಲರ ಕೈಗೂ ಎಂದು ಮಾಡಿದ್ದು, ಎಂದರೆ ಯಾರ ಕೈಗೂ ಅಲ್ಲದ್ದು. ಬೈಲಹೊಂಗಲದ ಯಾವ ಬಡಿಗನಾದರೂ ತೇಗದ ತುಂಡಿನಲ್ಲಿ ಎರಡು ಹೋಳುಗಳನ್ನು ಕೆತ್ತಿಕೊಟ್ಟಾನು. ಅದರ ಮೇಲೆ ನಲ್ಲಿಯ ಸೋರಿಕೆಗೆ ಮೆತ್ತುವ ಎಂ-ಸೀಲನ್ನು ಹಚ್ಚಿ, ಹಸಿಯಾಗಿರುವಾಗಲೇ ಪ್ಲಾಸ್ಟಿಕ್ಕಿನ ಹಾಳೆ ಸುತ್ತಿ ಹಿಡಿದುಕೊಂಡರೆ ಅಂಗೈಯ ಉಬ್ಬು-ತಗ್ಗುಗಳೆಲ್ಲ ಅಚ್ಚೊತ್ತಿ ನಿಲ್ಲುತ್ತವೆ. ಅಂಗೈಯ ಬುಡಕ್ಕೆ ಆಸರೆಯಾಗಿ ಕೆಳಗೊಂದು ಮೆಟ್ಟು ಇರಬೇಕು. ಇದರ ಉದ್ದೇಶ ಸುಖವಲ್ಲ. ಪ್ರತಿಸಲವೂ ಕೈಯು ಕೂಡುವ ಜಾಗ ಕೂದಲೆಳೆಯಷ್ಟೂ ಬದಲಾಗದಿರುವುದು. ಕುಲುಕನ್ನು ನಿಲ್ಲಿಸಲಾರೆವು, ಆದರೆ ಅದು ಪ್ರತಿಸಲವೂ ಒಂದೇ ಗೋಡೆಗೆ ಒರಗುವಂತೆ ಮಾಡಬಲ್ಲೆವು. ಚರದೋಷವನ್ನು ಸ್ಥಿರದೋಷವನ್ನಾಗಿ ಮಾರ್ಪಡಿಸುವ ಕಲೆ ಇದು.

ಉಳಿದವು ಸಣ್ಣ ಕೆಲಸಗಳು. ಮುಂಗುರಿಯು ಬಿಸಿಲಿಗೆ ಹೊಳೆದರೆ ಕಣ್ಣು ಅದರ ಅಂಚನ್ನು ತಪ್ಪು ತಿಳಿಯುತ್ತದೆ. ಎಣ್ಣೆದೀಪದ ಮಸಿಯನ್ನು ಹಿಡಿಸಿದರೆ ಆ ಹೊಳಪು ಹೋಗುತ್ತದೆ. ಕಾಗದಕ್ಕೆ ಹೊಡೆಯುವಾಗ ತಲೆ ಚಪ್ಪಟೆಯಾದ ಪೆಲೆಟ್ಟುಗಳನ್ನೇ ಬಳಸಬೇಕು, ಅವು ದುಂಡಗೆ ತೂತು ಕೊರೆಯುತ್ತವೆ. ಡಬ್ಬಿಯನ್ನು ತಟ್ಟೆಗೆ ಸುರುವಿ, ಹಿಂದಿನ ತೆಳುವಾದ ಅಂಚು ಸೊಟ್ಟಾದವುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿ ಎಸೆಯಬೇಕು. ಸ್ಪ್ರಿಂಗಿನ ಪಿಸ್ತೂಲಿನ ಗಾಳಿಕೋಣೆಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಿಡುವವರಿದ್ದಾರೆ. ಅದುಮಿದ ಗಾಳಿಯ ಕಾವಿಗೆ ಆ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿಯಂತೆ ಹೊತ್ತಿ, ಹೊಗೆಯೂ ಸದ್ದೂ ಹೊರಟು, ಒಂದು ಗುಂಡು ಹುಚ್ಚುವೇಗದಲ್ಲಿ ಹೋಗುತ್ತದೆ, ಮುಂದಿನದು ಹಾಗಿಲ್ಲ. ವಾಷರೂ ಬಹುಕಾಲ ಬಾಳದು.

ಗುರಿಯ ಹಿಂದೆ, ಸೀಸವು ಪುಟಿದು ಬಾರದಂತೆ, ಹಳೆಯ ಬಟ್ಟೆಯನ್ನು ಬಿಗಿಯಾಗಿ ತುರುಕಿದ ಪೆಟ್ಟಿಗೆಯನ್ನೂ ಅದರ ಹಿಂದೆ ಉಕ್ಕಿನ ತಗಡನ್ನೂ ಇಡತಕ್ಕದ್ದು. ಹಿತ್ತಲಿನ ಮಣ್ಣಿನ ಗೋಡೆಯೂ ಆದೀತು, ಅದರಾಚೆಯ ಓಣಿಯಲ್ಲಿ ಯಾರೂ ಸುಳಿಯುವಂತಿಲ್ಲದಿದ್ದರೆ.

ಉಳಿದ ನಡುಕ

ಇಷ್ಟೆಲ್ಲ ಮಾಡಿದ ಮೇಲೂ ಚಾಚಿದ ತೋಳು ಅಲುಗುತ್ತಲೇ ಇರುತ್ತದೆ. ನಾಡಿಯ ಮಿಡಿತ, ಉಸಿರು, ಸ್ನಾಯುಗಳ ಸಹಜ ಕಂಪನ, ಇವನ್ನು ಯಾವ ತಿರುಪೂ ಸರಿಪಡಿಸದು. ಗ್ಲಾಸ್ಗೋದ 2014ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 50 ಮೀಟರು ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪನವರ ಕೈಯಾಗಲಿ, ಪ್ಯಾರಿಸಿನಲ್ಲಿ 2024ರಲ್ಲಿ ಕಂಚು ಪಡೆದ ಮನು ಭಾಕರ್ ಅವರ ಕೈಯಾಗಲಿ ಕಲ್ಲಿನದಲ್ಲ. ನುರಿತವರು ಕೈಯನ್ನು ಕಲ್ಲಾಗಿಸಲು ಹೋಗುವುದೂ ಇಲ್ಲ. ಅಲುಗಾಟವನ್ನು ಒಪ್ಪಿಕೊಂಡು, ಮುಂಗುರಿ-ಹಿಂಗುರಿಗಳ ಹೊಂದಿಕೆಯನ್ನು ಮಾತ್ರ ಕೆಡಗೊಡದೆ, ಟ್ರಿಗರಿನ ಮೇಲೆ ಬಲವನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ. ಗುರಿಯು ಸರಿಯಾಗಿ ಕಂಡೊಡನೆ ‘ಈಗ’ ಎಂದು ಥಟ್ಟನೆ ಎಳೆಯುವವನು, ಕೈಯ ಸಹಜವಾದ ಅಲುಗಾಟಕ್ಕೆ ಬೆರಳಿನ ಆಘಾತವನ್ನೂ ಕೂಡಿಸುತ್ತಾನೆ.

ಇದನ್ನು ಕಲಿಯಲು ಗುಂಡು ಬೇಕಿಲ್ಲ. ನಳಿಗೆ ಬರಿದಾಗಿದೆಯೆಂದು ಎರಡೆರಡು ಸಲ ಪರೀಕ್ಷಿಸಿ, ಸುಣ್ಣ ಬಳಿದ ಬರಿಯ ಗೋಡೆಗೆ ಪಿಸ್ತೂಲನ್ನು ಹಿಡಿದು, ನೋಡಲು ಬೇರೆ ಗುರಿಯೇ ಇಲ್ಲದ್ದರಿಂದ ಮುಂಗುರಿಯನ್ನೇ ನೋಡುತ್ತ, ಟ್ರಿಗರು ಬಿಟ್ಟಾಗ ಅದು ಹಿಂಗುರಿಯ ನಡುವಿನಲ್ಲಿಯೇ ನಿಂತಿತೇ ಎಂದು ಗಮನಿಸಿದರೆ ಸಾಕು. ಒಂದೇ ಒತ್ತಿನ ಪಿಸ್ತೂಲುಗಳಲ್ಲಿ ಹಲವಕ್ಕೆ ಗಾಳಿ ತುಂಬದೆಯೇ ಟ್ರಿಗರನ್ನು ಮಾತ್ರ ಹೂಡುವ ಸೌಕರ್ಯವುಂಟು, ಅವುಗಳಲ್ಲಿ ಈ ಅಭ್ಯಾಸವನ್ನು ಎಷ್ಟಾದರೂ ನಡೆಸಬಹುದು. ಸ್ಪ್ರಿಂಗಿನದರಲ್ಲಿ ಮಾತ್ರ ಕೂಡದು. ಗುಂಡಿಲ್ಲದಿದ್ದರೆ ಗಾಳಿಯು ತಡೆಯಿಲ್ಲದೆ ಹೊರಟುಹೋಗಿ, ಮೆತ್ತೆಯಿಲ್ಲದ ಪಿಸ್ಟನ್ನು ಉಕ್ಕಿನ ಗೋಡೆಗೇ ಬಡಿಯುತ್ತದೆ.